ಮನೆ ನೋಡುವ ಮೊದಲೇ ಮುಗಿಸಬೇಕಾದ ಮಾತು

ಬೀದರಿನ ಮೈಲೂರಿನಲ್ಲೋ ಚಿದ್ರಿ ಕಡೆಯ ಬಡಾವಣೆಗಳಲ್ಲೋ ಮನೆ ಹುಡುಕುವವರ ಮೊಬೈಲಿಗೆ ಒಂದೇ ಮನೆಯ ಫೋಟೊ ಮೂರು ಕಡೆಯಿಂದ ಬರುವುದು ಈಗ ಮಾಮೂಲು. ಅದೇ ಹಸಿರು ಗೇಟು, ಅದೇ ತುಳಸಿಕಟ್ಟೆ, ತಾರಸಿ ಮೇಲೆ ಅದೇ ಕರಿ ಟ್ಯಾಂಕು. ಒಬ್ಬರು ಹೇಳುವ ದರ 40 ಲಕ್ಷ, ಇನ್ನೊಬ್ಬರದು 42, ಮೂರನೆಯವರದು ‘ಬರ್ರಿ, ಕೂತು ಮಾತಾಡೋಣ’. ಬಹಳ ಜನ ಮೂವರ ಜೊತೆಗೂ ಹೋಗಿ ಮನೆ ನೋಡುತ್ತಾರೆ. ಯಾರು ಕಡಿಮೆಗೆ ಕೊಡಿಸುತ್ತಾರೋ ಅವರ ಕೈಯಿಂದ ಸೌದಾ ಮುಗಿಸಿದರಾಯಿತು ಅಂದುಕೊಳ್ಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಹಲವು ದಲ್ಲಾಳಿಗಳ ಕೈಗೆ ಹೋದ ಮನೆಯ ಮಟ್ಟಿಗೆ, ಕೊಳ್ಳುವವರ ದುಡ್ಡು ಉಳಿಯುವುದೋ ಹೋಗುವುದೋ ಹೊಸ್ತಿಲು ದಾಟುವ ಮೊದಲೇ ಬಹುಪಾಲು ತೀರ್ಮಾನವಾಗಿರುತ್ತದೆ. ಯಾರ ಜೊತೆ ನೋಡುತ್ತೇವೆ, ಅವರಿಗೆ ಈ ಮನೆ ಒಪ್ಪಿಸಿದವರು ಯಾರು, ಆ ದಲ್ಲಾಳಿಗೆ ನಾವು ಕೊಡಬೇಕಾದದ್ದು ಎಷ್ಟು ಎಂಬುದು ನೋಡುವ ಮೊದಲೇ ಬರಹದಲ್ಲಿ ಇರಬೇಕು.

ದರ ಯಾಕೆ ಬೇರೆ ಬೇರೆ ಬರುತ್ತದೆ ಎಂಬಲ್ಲಿಂದ ಶುರು ಮಾಡೋಣ. ನಮ್ಮ ಕಡೆ ಮಾಲೀಕರು ದಲ್ಲಾಳಿಗೆ ಮನೆ ಒಪ್ಪಿಸುವಾಗ ‘ನನಗಿ 38 ಬರ್ಬೇಕ್ ನೋಡ್ರಿ, ಮ್ಯಾಲಿಂದು ನಿಮ್ಮದು’ ಎನ್ನುವ ರೂಢಿ ಇದೆ. ಈ ಮಾತು ಮೂವರಿಗೆ ಸಿಕ್ಕರೆ ಮೂವರೂ ತಮಗೆ ತೋಚಿದಷ್ಟು ಮೇಲೆ ಸೇರಿಸುತ್ತಾರೆ. ಆಗ ನಮ್ಮ ಮುಂದೆ ನಿಂತವರು ಮಧ್ಯಸ್ಥರಾಗಿ ಉಳಿಯುವುದಿಲ್ಲ, ಮಾರುವವರೇ ಆಗಿಬಿಡುತ್ತಾರೆ; ಅದರ ಮೇಲೆ ನಮ್ಮಿಂದ ಶೇಕಡಾ 1 ಅಥವಾ 2 ಕಮಿಷನ್ನನ್ನೂ ಕೇಳುತ್ತಾರೆ. 40 ಲಕ್ಷದ ಮನೆಗೆ ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಸೇರಿ ನಗರದಲ್ಲಿ ಶೇ 5.6, ಅಂದರೆ 2,24,000 ರೂಪಾಯಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 2 ಆಗಿದೆ, ಅದು 80,000. ಶೇ 2ರ ದಲಾಲಿಯೂ ಸರಿಯಾಗಿ 80,000. ಸರ್ಕಾರಕ್ಕೆ ಕಟ್ಟುವ ದುಡ್ಡಿನಲ್ಲಿ ಒಂದು ರೂಪಾಯಿ ಚೌಕಾಸಿ ಮಾಡಲು ಬರುವುದಿಲ್ಲ. ಬರುವುದು ದಲಾಲಿಯಲ್ಲಿ ಮತ್ತು ಆ ‘ಮ್ಯಾಲಿನ’ ದುಡ್ಡಿನಲ್ಲಿ. ಆದ್ದರಿಂದ ‘ನಿಮಗೆ ಮಾಲೀಕರು ಕಮಿಷನ್ ಕೊಡುತ್ತಾರೋ, ದರದ ಮೇಲಿನದು ನಿಮ್ಮದೋ’ ಎಂಬ ಪ್ರಶ್ನೆ ಮನೆ ನೋಡುವ ಮೊದಲೇ ಕೇಳಬೇಕಾದದ್ದು. ಮನೆ ಮನಸ್ಸಿಗೆ ಹಿಡಿಸಿದ ಮೇಲೆ ಕೇಳಿದರೆ ಉತ್ತರಕ್ಕೆ ಬೆಲೆ ಇರುವುದಿಲ್ಲ.

ದರ ಬೇರೆಯಾಗಲು ಇನ್ನೊಂದು ಕಾರಣವೂ ಇದೆ, ಅದು ಹೆಚ್ಚು ಅಪಾಯದ್ದು. ಭಾಲ್ಕಿ, ಔರಾದಿನಂಥ ಊರುಗಳಲ್ಲಿ ಮನೆಯ ವಾರಸುದಾರರು ಒಬ್ಬರು ಹೈದರಾಬಾದಿನಲ್ಲಿ, ಒಬ್ಬರು ಪುಣೆಯಲ್ಲಿ, ಒಬ್ಬರು ಊರಲ್ಲೇ ಇರುತ್ತಾರೆ. ಅಣ್ಣ ಒಬ್ಬ ದಲ್ಲಾಳಿಗೆ ಹೇಳಿದರೆ ತಮ್ಮ ಇನ್ನೊಬ್ಬರಿಗೆ ಹೇಳುತ್ತಾನೆ. ಹೊರಗಿನವರಿಗೆ ಅದು ಹಲವು ದಲ್ಲಾಳಿಗಳ ಕೈಯಲ್ಲಿರುವ ಒಂದು ಮನೆಯಂತೆ ಕಾಣುತ್ತದೆ; ನಿಜದಲ್ಲಿ ಅದು ಪಾಲಾಗದ ಮನೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲಿದೆ. ತಂದೆ ಯಾವಾಗ ತೀರಿಕೊಂಡರು ಎಂಬುದು ಅದಕ್ಕೆ ಅಡ್ಡಿಯಲ್ಲ ಎಂದು ಸುಪ್ರೀಂ ಕೋರ್ಟ್ 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಮದುವೆಯಾಗಿ ಉದಗೀರಿಗೋ ಲಾತೂರಿಗೋ ಹೋದ ತಂಗಿಯ ಸಹಿ ಇಲ್ಲದ ಅಂಥ ಮನೆ 36 ಲಕ್ಷಕ್ಕೆ ಸಿಕ್ಕರೂ ಅಗ್ಗವಲ್ಲ. ಇದಕ್ಕೇ ‘ನಿಮಗೆ ಹೇಳಿದವರು ಯಾರು’ ಎಂದು ಪ್ರತಿ ದಲ್ಲಾಳಿಯನ್ನೂ ಕೇಳಬೇಕು ಅನ್ನುವುದು. ಮೂವರೂ ಒಂದೇ ಹೆಸರು ಹೇಳಿದರೆ ಒಂದು ಸಮಾಧಾನ. ಬೇರೆ ಬೇರೆ ಹೆಸರು ಬಂದರೆ ಮನೆ ನೋಡುವ ಮೊದಲು ಖಾತೆ ಮತ್ತು ವಂಶವೃಕ್ಷ ನೋಡಬೇಕು.

ಇಷ್ಟು ಜನ ದಲ್ಲಾಳಿಗಳಿದ್ದಾರಲ್ಲ, ಯಾರಾದರೂ ಒಬ್ಬರು ಕಾಗದಪತ್ರ ಪರಿಶೀಲಿಸಿಯೇ ಇರುತ್ತಾರೆ ಎಂಬ ನಂಬಿಕೆ ಇದೆ. ಆಗುವುದು ಇದರ ಉಲ್ಟಾ. ಮೊದಲು ಮುಗಿಸಿದವರಿಗೆ ಮಾತ್ರ ದುಡ್ಡು ಎಂಬ ಓಟದಲ್ಲಿ ಋಣಭಾರ ಪ್ರಮಾಣಪತ್ರ (ಇಸಿ) ತೆಗೆಸಲು, ಇ-ಖಾತಾ ಆಗಿದೆಯೇ ನೋಡಲು ಯಾರಿಗೂ ಪುರುಸೊತ್ತಿಲ್ಲ. ತಾವು ಅಷ್ಟು ಓಡಾಡಿ ಸೌದಾ ಬೇರೆಯವರ ಪಾಲಾದರೆ ಶ್ರಮ ವ್ಯರ್ಥ. ಬೀದರಿನ ಹಳೇ ನಗರದಲ್ಲಿ ಈ ಅಲಕ್ಷ್ಯದ ಬೆಲೆ ದೊಡ್ಡದು. ಮಹಮೂದ್ ಗಾವಾನ್ ಮದರಸಾದಂಥ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಗಿನ 200 ಮೀಟರ್‌ನಲ್ಲಿ ಅನುಮತಿ ಬೇಕೇ ಬೇಕು. ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯಿಂದ ಇದು ಇನ್ನಷ್ಟು ಬಿಗಿಯಾಗಿದೆ. ‘ಹಳೆ ಮನೆ ಕೆಡವಿ ಮೂರು ಅಂತಸ್ತು ಎಬ್ಬಿಸ್ರಿ’ ಎಂದು ಹೇಳುವವರು ಮೂವರಿದ್ದರೂ ಆ ನಿಯಮ ಬದಲಾಗದು.

ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ರೇರಾ ಇದೆಯಲ್ಲ ಎಂದು ಕೇಳುವವರಿದ್ದಾರೆ. 2016ರ ಆ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ನೋಂದಣಿ ಕಡ್ಡಾಯವಾಗಿರುವುದು ರೇರಾದಲ್ಲಿ ನೋಂದಾಯಿತ ಯೋಜನೆಗಳ ನಿವೇಶನ, ಫ್ಲ್ಯಾಟ್ ಮಾರಿಸುವ ಏಜೆಂಟರಿಗೆ. ಒಬ್ಬರು ಕಟ್ಟಿಕೊಂಡು ವಾಸವಿದ್ದ ಮನೆಯನ್ನು ಇನ್ನೊಬ್ಬರಿಗೆ ಕೊಡಿಸುವವರು ಅದರ ಹೊರಗೇ ಉಳಿಯುತ್ತಾರೆ. ನಮಗೆ ಉಳಿಯುವುದು 1872ರ ಕರಾರು ಕಾಯ್ದೆ. ಬೇರೆ ಒಪ್ಪಂದ ಇಲ್ಲದಿದ್ದರೆ ಕೆಲಸ ಮುಗಿಯುವ ತನಕ ಏಜೆಂಟರಿಗೆ ಸಂಭಾವನೆ ಸಲ್ಲಬೇಕಾಗಿಲ್ಲ ಎಂದು ಅದರ 219ನೇ ಸೆಕ್ಷನ್ ಹೇಳುತ್ತದೆ. ಬರೀ ಬೀಗ ತೆಗೆದು ತೋರಿಸಿದ್ದಕ್ಕೆ ಕಮಿಷನ್ ಹುಟ್ಟುವುದಿಲ್ಲ. ಆದರೆ ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. 1910ರಲ್ಲಿ ಪ್ರಿವಿ ಕೌನ್ಸಿಲ್ ಒಂದು ಗಣಿ ಮಾರಾಟದ ಮೊಕದ್ದಮೆಯಲ್ಲಿ, ಏಜೆಂಟ್ ಪರಿಚಯಿಸಿದ ಗಿರಾಕಿಗೆ ಮಾಲೀಕರು ಅವರ ಬೆನ್ನ ಹಿಂದೆ ಮಾರಿದರೂ ಕಮಿಷನ್ ಕೊಡಲೇಬೇಕು ಎಂದಿತು. ಸೌದಾ ಕೂಡಿಬರಲು ಯಾರು ನಿಜವಾದ ಕಾರಣ ಎಂಬುದೇ ಅಲ್ಲಿ ಮುಖ್ಯ. ಮೂವರ ಜೊತೆ ಮನೆ ನೋಡಿದವರು ಈ ಪ್ರಶ್ನೆಯನ್ನು ತಾವೇ ಗೋಜಲು ಮಾಡಿಕೊಂಡಿರುತ್ತಾರೆ: ಮೂವರೂ ‘ಪಾರ್ಟಿ ನಮ್ಮದು’ ಎನ್ನುತ್ತಾರೆ. ಅದೂ ಅಲ್ಲದೆ ಬಾಯಿಮಾತಿನ ಕರಾರಿಗೂ ನಮ್ಮಲ್ಲಿ ಬೆಲೆ ಇದೆ. ‘ಎರಡು ಪರ್ಸೆಂಟ್ ರೀ’ ಎಂದಾಗ ‘ಆಯ್ತು, ನೋಡೋಣ’ ಅಂದದ್ದು ಆಮೇಲೆ ಒಪ್ಪಿಗೆಯ ರೂಪ ಪಡೆಯುತ್ತದೆ.

ಸಣ್ಣ ಊರಿನಲ್ಲಿ ಎಲ್ಲ ನಡೆಯುವುದು ವಿಶ್ವಾಸದ ಮೇಲೆ, ಬರೆದುಕೊಡಿ ಎಂದರೆ ಅವಮಾನವಾಗುತ್ತದೆ ಎಂಬ ಆಕ್ಷೇಪ ಗಟ್ಟಿಯಾದದ್ದು. ಔರಾದಿನಲ್ಲಿ ಮನೆ ತೋರಿಸುವವರು ನಾಳೆ ಲಗ್ನದ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂರುತ್ತಾರೆ. ಅದಕ್ಕೇ ಬರಹ ಬೇಕು ಎನ್ನುತ್ತೇನೆ. ಅಮೆರಿಕದಲ್ಲಿ ಏಜೆಂಟರ ಕಮಿಷನ್ ಕುರಿತ ದೊಡ್ಡ ಮೊಕದ್ದಮೆಯೊಂದು ರಾಜಿಯಾದ ಮೇಲೆ, 2024ರ ಆಗಸ್ಟ್ 17ರಿಂದ, ಏಜೆಂಟರು ಕೊಳ್ಳುವವರಿಗೆ ಮನೆ ತೋರಿಸುವ ಮೊದಲೇ ತಮ್ಮ ಸಂಭಾವನೆ ನಮೂದಿಸಿದ ಒಪ್ಪಂದಕ್ಕೆ ಸಹಿ ಪಡೆಯಬೇಕಾಗಿದೆ. ನಮಗೆ ಅಷ್ಟು ದೊಡ್ಡ ಕಾಗದ ಬೇಡ. ‘ನಾಳೆ ನಿಮ್ಮ ಜೊತೆ ಇಂಥ ಓಣಿಯ ಮನೆ ನೋಡುತ್ತೇನೆ, ನಿಮ್ಮ ಮೂಲಕ ರಜಿಸ್ಟ್ರಿ ಆದರೆ ಆ ದಿನ ಶೇ 1 ಕೊಡುತ್ತೇನೆ, ಆಗದಿದ್ದರೆ ಏನೂ ಇಲ್ಲ’ ಎಂಬ ಒಂದು ವಾಟ್ಸ್ಆ್ಯಪ್ ಸಂದೇಶ, ಅದಕ್ಕೆ ಅವರ ‘ಸರಿ’. ಇದು ದಲ್ಲಾಳಿಯನ್ನೂ ಕಾಯುತ್ತದೆ. ಬಿಸಿಲಲ್ಲಿ ಓಡಾಡಿ, ಕೊನೆಗೆ ಕೈಬಿಟ್ಟುಹೋಗುವ ಗಿರಾಕಿಗಳಿಂದ ಅವರೂ ಸೋತಿದ್ದಾರೆ. ಅವರ ದುಡಿಮೆಗೆ ಬೆಲೆ ಕೊಡಲೇಬೇಕು.

ಹಾಗಾದರೆ ಉಳಿದವರಿಂದ ದರ ತಿಳಿಯುವುದು ಹೇಗೆ? ಫೋನಿನಲ್ಲಿ ಕೇಳಬಹುದು, ಕೇಳಲೇಬೇಕು. ಈಗಾಗಲೇ ಇಂಥವರ ಜೊತೆ ನೋಡುತ್ತಿದ್ದೇನೆ ಎಂದು ತಿಳಿಸಿಯೇ ಕೇಳಬೇಕು. ಇನ್ನು ಒಬ್ಬರ ಜೊತೆ ನೋಡಿ ಆಮೇಲೆ ನೇರವಾಗಿ ಮಾಲೀಕರ ಬಾಗಿಲಿಗೆ ಹೋಗುವುದು ನ್ಯಾಯವಲ್ಲ, ಮೇಲಿನ ತೀರ್ಪಿನ ಪ್ರಕಾರ ಕ್ಷೇಮವೂ ಅಲ್ಲ. ಮಾಲೀಕರು ಆ ದಲಾಲಿಯನ್ನು ದರದಲ್ಲೇ ಸೇರಿಸಿ ನಮ್ಮಿಂದ ವಸೂಲು ಮಾಡಬಹುದು. ಟೋಕನ್ ದುಡ್ಡನ್ನಂತೂ ದಲ್ಲಾಳಿಯ ಕೈಗೆ ಕೊಡಬಾರದು, ಏಕೆಂದರೆ ಅದೇ ದಿನ ಅದೇ ಮನೆಗೆ ಇನ್ನೊಬ್ಬರ ಕೈಯಲ್ಲೂ ಟೋಕನ್ ಬಿದ್ದಿರಬಹುದು. ಆಸ್ತಿ ವ್ಯವಹಾರದ ಮುಂಗಡ 20,000 ರೂಪಾಯಿ ಅಥವಾ ಹೆಚ್ಚಾದರೆ ನಗದಾಗಿ ಪಡೆಯುವಂತಿಲ್ಲ, ಪಡೆದವರಿಗೆ ಅಷ್ಟೇ ಮೊತ್ತದ ದಂಡ ಎಂದು ಆದಾಯ ತೆರಿಗೆ ಕಾನೂನು ಹೇಳುತ್ತದೆ; ಮಾಲೀಕರ ಬ್ಯಾಂಕ್ ಖಾತೆಗೇ ಹಾಕಿ. ಇಸಾರ ಪತ್ರ ಬರೆಸುವಾಗ ಮಧ್ಯಸ್ಥಿಕೆ ವಹಿಸಿದ ದಲ್ಲಾಳಿಯ ಹೆಸರು ಸೇರಿಸಿ, ಬೇರೆ ಯಾರೇ ಕಮಿಷನ್ ಕೇಳಿ ಬಂದರೂ ಅದರ ಹೊಣೆ ಮಾರುವವರದು ಎಂಬ ಸಾಲು ಹಾಕಿಸಿ. ಆ ಸಾಲಿಗೆ ಮಾಲೀಕರು ಹಿಂದೇಟು ಹಾಕಿದರೆ, ಅವರು ಇನ್ನೂ ಎಷ್ಟು ಜನರಿಗೆ ಮಾತು ಕೊಟ್ಟಿದ್ದಾರೆ ಎಂದು ಅಲ್ಲೇ, ದುಡ್ಡು ಕೈದಾಟುವ ಮೊದಲೇ ಕೇಳಿ.