ಮಾಳಿಗೆಯ ಗೋಡೆ: ಬಂದೂಕು ಮತ್ತು ನಮ್ಮ ಮಕ್ಕಳು

ಧರ್ಮೋಪದೇಶಕಾಂಡ 22ನೇ ಅಧ್ಯಾಯ, 8ನೇ ವಚನ ತೆಗೆಯಿರಿ. ಸಿಕ್ತಾ? ಹೊಸ ಮನೆ ಕಟ್ಟಿದವನು ಮಾಳಿಗೆಯ ಸುತ್ತ ಗೋಡೆ ಕಟ್ಟಬೇಕು, ಇಲ್ಲದಿದ್ದರೆ ಮೇಲಿಂದ ಬಿದ್ದವನ ರಕ್ತಾಪರಾಧ ಆ ಮನೆಯ ಮೇಲೆ ಬರುತ್ತೆ ಅಂತ ಮೋಶೆ ಇಲ್ಲಿ ಹೇಳ್ತಾನೆ.

ಸಭೆಯ ಒಬ್ಬ ಸಹೋದರಿ ಕೇಳಿದರು: "ಪಾಸ್ಟರ್, ಮಗನ್ನ ಫ್ರೆಂಡ್ ಮನೆಗೆ ರಾತ್ರಿ ಉಳಿಯೋಕೆ ಕರೆದಿದ್ದಾರೆ. ಅವರ ಮನೇಲಿ ಗನ್ ಇದೆಯಂತೆ. ಕಳಿಸ್ಲಾ, ಬೇಡ್ವಾ?" ಊರಲ್ಲಿ ನಮಗೆ ಈ ಪ್ರಶ್ನೆ ಬರ್ತಿರಲಿಲ್ಲ. ಕೊಡಗಿನವರನ್ನು ಬಿಟ್ಟರೆ ನಮ್ಮಲ್ಲಿ ಬಂದೂಕನ್ನು ಹತ್ತಿರದಿಂದ ನೋಡಿದವರೇ ಕಡಿಮೆ. ಆದರೆ ಈಗ ನಾವಿರೋದು ಟೆಕ್ಸಾಸ್‌ನಲ್ಲಿ. 2020ರಲ್ಲಿ ಈ ದೇಶದ ಮಕ್ಕಳ ಮತ್ತು ಹದಿಹರೆಯದವರ ಸಾವಿಗೆ ಮೊದಲನೇ ಕಾರಣ ವಾಹನ ಅಪಘಾತ ಅಲ್ಲ, ಗುಂಡೇಟು.

ನಾನು ಸಹೋದರಿಗೆ ಹೇಳಿದ್ದು ಇಷ್ಟೇ. ಫೋನ್ ಮಾಡಿ ಕೇಳಿ. ಮಗುವಿಗೆ ಕಡಲೆಕಾಯಿ ಆಗಲ್ಲ ಅಂತ ಹೇಳೋಕೆ ನಾಚಿಕೆ ಪಡಲ್ಲ ಅಲ್ವಾ? ಹಾಗೇ ಕೇಳಿ: ಗನ್ ಲಾಕ್ ಆಗಿದೆಯಾ, ಗುಂಡು ತೆಗೆದಿಟ್ಟಿದ್ದಾರಾ, ಗುಂಡುಗಳು ಬೇರೆ ಕಡೆ ಬೀಗದಲ್ಲಿವೆಯಾ? ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳೋದೂ ಇದನ್ನೇ. ಉತ್ತರ ಸರಿ ಬರದಿದ್ದರೆ ಆ ಹುಡುಗನ್ನೇ ನಿಮ್ಮ ಮನೆಗೆ ಕರೀರಿ, ದೋಸೆ ಮಾಡಿ ಹಾಕಿ.

ಮಕ್ಕಳಿಗೆ ಏನು ಕಲಿಸಬೇಕು? ನ್ಯಾಷನಲ್ ರೈಫಲ್ ಅಸೋಸಿಯೇಷನ್ 1988ರಲ್ಲಿ ಎಡ್ಡಿ ಈಗಲ್ ಎಂಬ ಹದ್ದಿನ ಚಿತ್ರ ಇಟ್ಟುಕೊಂಡು ಒಂದು ಪಾಠ ಶುರು ಮಾಡಿತು. ಗನ್ ಕಂಡರೆ ನಿಲ್ಲಬೇಕು, ಮುಟ್ಟಬಾರದು, ಅಲ್ಲಿಂದ ಓಡಬೇಕು, ದೊಡ್ಡವರಿಗೆ ಹೇಳಬೇಕು. ಒಳ್ಳೆಯ ಮಾತೇ. ಆದರೆ ಸಂಶೋಧಕರು ಪರೀಕ್ಷಿಸಿದಾಗ ಕಂಡದ್ದೇನು? ಪಾಠವನ್ನು ಚೆನ್ನಾಗಿ ಒಪ್ಪಿಸಿದ ಚಿಕ್ಕ ಮಕ್ಕಳೇ, ದೊಡ್ಡವರಿಲ್ಲದಾಗ ಗನ್ ಸಿಕ್ಕರೆ ಅದನ್ನು ಮುಟ್ಟಿದರು. ಕಂಠಪಾಠ ವಚನ ಬೇರೆ, ನಡತೆ ಬೇರೆ, ಇದನ್ನ ನಿಮಗೆ ನಾನು ಹೇಳ್ಬೇಕಾ! ಹಾಗಾಗಿ ಬಾಯಲ್ಲಿ ಹೇಳಿಸಿದರೆ ಸಾಲದು, ಎದ್ದು ಓಡಿ ಬಂದು ಹೇಳೋದನ್ನ ಮತ್ತೆ ಮತ್ತೆ ಅಭ್ಯಾಸ ಮಾಡಿಸಬೇಕು. ಓಡಿ ಬಂದ ಮಗುವನ್ನ ಮಾತ್ರ ಗದರಿಸಬೇಡಿ.

ಮಗುವಿಗೆ ಕಲಿಸಿದ್ದು ಎರಡನೇ ಗೋಡೆ. ಮೊದಲನೇ ಗೋಡೆ ನಮ್ಮದು. ವಿಮೋಚನಕಾಂಡ 21:29 ನೋಡಿ. ಎತ್ತು ಹಾಯುತ್ತೆ ಅಂತ ಗೊತ್ತಿದ್ದೂ ಕಟ್ಟಿಹಾಕದ ಯಜಮಾನನನ್ನು ದೇವರು ಸುಮ್ಮನೆ ಬಿಡಲ್ಲ. ಟೆಕ್ಸಾಸ್ ಕಾನೂನೂ ಹಾಗೇ: 17 ವರ್ಷದೊಳಗಿನವರ ಕೈಗೆ ಗುಂಡು ತುಂಬಿದ ಗನ್ ಸಿಗುವಂತೆ ಅಜಾಗ್ರತೆಯಿಂದ ಇಟ್ಟರೆ ದೊಡ್ಡವರದ್ದೇ ಅಪರಾಧ.

ಇನ್ನೊಂದು ಮಾತು, ಇದನ್ನ ಹೇಳೋಕೆ ನನಗೂ ಕಷ್ಟ. ಚಿಕ್ಕ ಮಕ್ಕಳ ಬಗ್ಗೆ ಮಾತ್ರ ಯೋಚಿಸಬೇಡಿ. ಮಾರ್ಕ್ಸ್ ಕಡಿಮೆ ಬಂತು, ಯಾರೋ ಬೈದರು ಅಂತ ಬಾಗಿಲು ಹಾಕಿಕೊಂಡು ಕೂತಿರೋ ಹದಿನಾರರ ಹುಡುಗನಿಗೆ ಸೇಫ್‌ನ ನಂಬರ್ ಗೊತ್ತಿದೆಯಾ? ಗೊತ್ತಿದ್ದರೆ ಇವತ್ತೇ ಬದಲಾಯಿಸಿ. ಅವನ ಜೊತೆ ಕೂತು ಮಾತಾಡಿ, ಬೇಕಾದರೆ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಪ್ರಾರ್ಥನೆ ಮಾಡ್ತೀವಿ ಅಂತ ಅದನ್ನ ಬಿಡಬೇಡಿ.

ಇನ್ನು ಕಾನೂನಿನ ವಾದ. ನಮ್ಮ ಸಭೆಯಲ್ಲೇ ಎರಡು ಗುಂಪಿದೆ, ನನಗೆ ಗೊತ್ತು. ರಾತ್ರಿ ಪಾಳಿಯಲ್ಲಿ ಗ್ಯಾಸ್ ಸ್ಟೇಷನ್ ನೋಡಿಕೊಳ್ಳೋ ಸಹೋದರ ಲೂಕ 22 ತೆಗೆದು ಎರಡು ಕತ್ತಿ ತೋರಿಸ್ತಾರೆ. ಇನ್ನೊಬ್ಬರು ಮತ್ತಾಯ 26 ತೆಗೆದು, ಪೇತ್ರನಿಗೆ ಕತ್ತಿ ಒರೆಗೆ ಹಾಕು ಅಂದದ್ದು ಯಾರು ಅಂತಾರೆ. ಆಯುಧದ ಹಕ್ಕು 1791ರಿಂದ ಈ ದೇಶದ ಸಂವಿಧಾನದಲ್ಲಿದೆ. ಮನೆಯಲ್ಲಿ ಆತ್ಮರಕ್ಷಣೆಗೆ ಗನ್ ಇಟ್ಟುಕೊಳ್ಳೋದು ವ್ಯಕ್ತಿಯ ಹಕ್ಕು ಅಂತ 2008ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. 2022ರ ಮೇ 24ರಂದು ನಮ್ಮದೇ ರಾಜ್ಯದ ಯುವಾಲ್ಡಿಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಮರು ತಿಂಗಳು ಬಂದ ಕಾನೂನು 21 ವರ್ಷದೊಳಗೆ ಗನ್ ಕೊಳ್ಳುವವರ ತಪಾಸಣೆಯನ್ನು ಬಿಗಿ ಮಾಡಿತು. ನಾನು ಇಲ್ಲಿ ನಿಂತು ಯಾವ ಪಕ್ಷಕ್ಕೂ ವೋಟು ಕೇಳಲ್ಲ. ಆದರೆ ತಪಾಸಣೆ, ಬೀಗ ಅಂದ ಕೂಡಲೇ ಹಕ್ಕು ಹೋಯ್ತು ಅನ್ನೋದನ್ನ ನಾನು ಒಪ್ಪಲ್ಲ. ಮಾಳಿಗೆಗೆ ಗೋಡೆ ಕಟ್ಟು ಅಂದ ದೇವರು ಮನೆ ಕಟ್ಟಬೇಡ ಅನ್ನಲಿಲ್ಲ.

ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಸಂಡೇ ಸ್ಕೂಲ್ ಮಕ್ಕಳಿಗೆ ಅಭ್ಯಾಸ ಇರುತ್ತೆ, ತಂದೆತಾಯಿ ಇಬ್ಬರೂ ಉಳ್ಕೊಳ್ಳಿ. ಈಗ ಎದ್ದು ನಿಲ್ಲೋಣ. ಯುವಾಲ್ಡಿಯ ಆ 21 ಮನೆಗಳಿಗೋಸ್ಕರ ಪ್ರಾರ್ಥಿಸೋಣ.