ಹಬ್ಬ ಗುರುವಾರ, ಒಬ್ಬಟ್ಟು ಭಾನುವಾರ

ಹೊಸೂರು, ತಳಿ, ಕೆಲಮಂಗಲ ಕಡೆಯ ತುಂಬು ಕುಟುಂಬಗಳಿಗೆ ಒಂದು ಮಾತು. 2026ರಂತೆ ಯುಗಾದಿ ಗುರುವಾರ ಬಂದರೆ ಎಲ್ಲರೂ ಸೇರುವುದು ಕಷ್ಟ. ತಮಿಳುನಾಡು ಸರ್ಕಾರ ತೆಲುಗು ಹೊಸವರ್ಷವೆಂದು ರಜೆ ಕೊಡುತ್ತದೆ, ಸರಿ. ಕಾರ್ಖಾನೆಯ ಶಿಫ್ಟು ಬಿಡಬೇಕಲ್ಲ! ಮುನಿಸಿಕೊಳ್ಳಬೇಡಿ. ಬೇವು-ಬೆಲ್ಲವನ್ನು ಅವರವರು ಅಂದೇ ಇದ್ದಲ್ಲಿ ತಿನ್ನಲಿ, ಒಬ್ಬಟ್ಟಿಗೆ ಭಾನುವಾರ ಕರೆಯಿರಿ. ಹೂರಣ ಶನಿವಾರವೇ ರುಬ್ಬಿ ಫ್ರಿಜ್ಜಿನಲ್ಲಿಡಿ. ಕಣಕಕ್ಕೆ ಧಾರಾಳವಾಗಿ ಎಣ್ಣೆ ಸುರಿದು ನೆನೆಯಲು ಬಿಡಿ. ಬೇಳೆ ಬಸಿದ ಕಟ್ಟು ಚೆಲ್ಲೀರಿ, ಜೋಕೆ! ಒಬ್ಬಟ್ಟಿನ ಸಾರು ಮಾರನೆಯ ದಿನಕ್ಕೇ ಹೆಚ್ಚು ರುಚಿ. ನನ್ನನ್ನು ಕೇಳಿದರೆ ಹಬ್ಬವಿರುವುದೇ ಅದರಲ್ಲಿ. ಕಾವಲಿಯ ಮುಂದೆ ಅಳಿಯಂದಿರೂ ಸ್ವಲ್ಪ ಹೊತ್ತು ಬೆವರಲಿ. ಬೆಂಗಳೂರಿಗೆ ಮರಳುವವರನ್ನು ಊಟವಾದ ಕೂಡಲೇ ಹೊರಡಿಸಿ, ಸಂಜೆಯಾದರೆ ಅತ್ತಿಬೆಲೆ ದಾಟುವುದು ಕಷ್ಟ. ಸಾರಿನ ಡಬ್ಬಿಯ ಮುಚ್ಚಳ ಬಿಗಿಯಾಗಿದೆಯೇ, ಒಮ್ಮೆ ನೋಡಿ ಕೊಡಿ.