ಕಚೇರಿ ಜಾಲದಲ್ಲಿ ಬಹುಬಳಕೆದಾರ ತಂತ್ರಾಂಶ: ಪರವಾನಗಿಯ ಲೆಕ್ಕಾಚಾರ

ವ್ಯಾಪಾರ ಬೆಳೆದಂತೆ ಲೆಕ್ಕ ಬರೆಯುವ ಕೈಗಳೂ ಹೆಚ್ಚುತ್ತವೆ. ಒಂದು ಗಣಕಯಂತ್ರವಿದ್ದ ಕಚೇರಿಯಲ್ಲಿ ಬಿಲ್ ವಿಭಾಗಕ್ಕೊಂದು, ಗೋದಾಮಿಗೊಂದು, ಮಾಲೀಕರಿಗೊಂದು ಎಂಬಂತೆ ನಾಲ್ಕೈದು ಯಂತ್ರಗಳು ಬರುತ್ತವೆ. ಆಗ ಮೊದಲಿದ್ದ ತಂತ್ರಾಂಶವನ್ನೇ ಎಲ್ಲದಕ್ಕೂ ಅಳವಡಿಸಿಕೊಳ್ಳುವುದು ಸಾಮಾನ್ಯ. ಆದರೆ ಅಳವಡಿಸುವುದು ಬೇರೆ, ಬಳಸುವ ಹಕ್ಕು ಬೇರೆ. ಪರವಾನಗಿಯು ಏನನ್ನು ಎಣಿಸುತ್ತದೆ ಎಂಬುದನ್ನು ಖರೀದಿಗೆ ಮುನ್ನವೇ ಅರಿತಲ್ಲಿ ಹಣ ಉಳಿಯುವುದಲ್ಲದೆ ಕಾನೂನಿನ ತೊಡಕೂ ತಪ್ಪುತ್ತದೆ.

ಖರೀದಿಸುವುದು ಏನನ್ನು?

ಕರ್ನಾಟಕ ಉಚ್ಚ ನ್ಯಾಯಾಲಯದ ತೀರ್ಪಿನ ಮೇಲಿನ ಮೇಲ್ಮನವಿಯೂ ಸೇರಿದ್ದ ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಪ್ರಕರಣವನ್ನು ಸರ್ವೋಚ್ಚ ನ್ಯಾಯಾಲಯವು 2021ರ ಮಾರ್ಚ್ 2ರಂದು ತೀರ್ಮಾನಿಸಿತು. ಅದು ಆದಾಯ ತೆರಿಗೆಯ ವಿವಾದವಾಗಿದ್ದರೂ ಒಂದು ಮೂಲಾಂಶವನ್ನು ಸ್ಪಷ್ಟಪಡಿಸಿತು: ಅಂತಿಮ ಬಳಕೆದಾರನಿಗೆ ದೊರೆಯುವುದು ಷರತ್ತುಬದ್ಧ ಬಳಕೆಯ ಅನುಮತಿ ಮಾತ್ರ, ಕೃತಿಸ್ವಾಮ್ಯವಲ್ಲ. ಕೃತಿಸ್ವಾಮ್ಯ ಕಾಯಿದೆ 1957ರ 63ಬಿ ಕಲಮಿನನ್ವಯ, ನಕಲು ಎಂದು ತಿಳಿದೂ ತಂತ್ರಾಂಶವನ್ನು ಬಳಸಿದವರಿಗೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ ಹಾಗೂ ರೂ. 50,000ದಿಂದ ರೂ. 2 ಲಕ್ಷದವರೆಗೆ ದಂಡವುಂಟು. ವ್ಯಾಪಾರದ ಲಾಭಕ್ಕಾಗಿ ಬಳಸದಿದ್ದಲ್ಲಿ ಮಾತ್ರ ಶಿಕ್ಷೆ ತಗ್ಗಿಸಲು ನ್ಯಾಯಾಲಯಕ್ಕೆ ಅವಕಾಶವಿದೆ. ವರ್ತಕರಿಗೆ ಆ ವಿನಾಯಿತಿ ದೊರೆಯುವುದು ಕಷ್ಟ.

ಎಣಿಕೆಯ ವಿಧಾನಗಳು

ಪರವಾನಗಿಯನ್ನು ಸಾಮಾನ್ಯವಾಗಿ ಮೂರು ಬಗೆಯಲ್ಲಿ ಎಣಿಸಲಾಗುತ್ತದೆ: ಯಂತ್ರಕ್ಕೆ ಒಂದರಂತೆ, ವ್ಯಕ್ತಿಗೆ ಒಂದರಂತೆ, ಅಥವಾ ಏಕಕಾಲದಲ್ಲಿ ಬಳಸುವವರ ಸಂಖ್ಯೆಯಂತೆ. ವಿಂಡೋಸ್ ಸರ್ವರ್ ಖರೀದಿಸಿದವರು ಅದನ್ನು ಸಂಪರ್ಕಿಸುವವರಿಗಾಗಿ ಪ್ರತ್ಯೇಕ ಪ್ರವೇಶ ಪರವಾನಗಿಗಳನ್ನೂ ಪಡೆಯಬೇಕು. ಇವು ಯಂತ್ರವಾರು ಅಥವಾ ವ್ಯಕ್ತಿವಾರು ದೊರೆಯುತ್ತವೆ. ಮೂರು ಪಾಳಿಗಳಲ್ಲಿ 12 ಸಿಬ್ಬಂದಿ 4 ಯಂತ್ರಗಳನ್ನು ಹಂಚಿಕೊಳ್ಳುವ ಕಾರ್ಖಾನೆಗೆ ಯಂತ್ರವಾರು 4 ಸಾಕು. ವ್ಯಕ್ತಿವಾರು ಪಡೆದರೆ 12 ಬೇಕು. ಒಬ್ಬರೇ ಮೇಜಿನ ಯಂತ್ರ, ಲ್ಯಾಪ್‌ಟಾಪ್, ಮೊಬೈಲ್ ಮೂರನ್ನೂ ಬಳಸುವಲ್ಲಿ ವ್ಯಕ್ತಿವಾರು ಲಾಭಕರ.

ದೂರದಿಂದ ಸರ್ವರ್‌ನ ಪರದೆಯನ್ನೇ ತೆರೆದು ಕೆಲಸ ಮಾಡಲು ಇನ್ನೂ ಒಂದು ಬಗೆಯ ಪರವಾನಗಿ ಬೇಕು. ಈ ಸೌಲಭ್ಯಕ್ಕಿರುವ 120 ದಿನಗಳ ರಿಯಾಯಿತಿ ಅವಧಿ ಮುಗಿದೊಡನೆ ಸಂಪರ್ಕ ನಿಲ್ಲುತ್ತದೆ. ತಿಂಗಳ 20ರಂದು ಜಿಎಸ್‌ಟಿಆರ್-3ಬಿ ಸಲ್ಲಿಸಬೇಕಾದ ಸಂಸ್ಥೆಗೆ ಅದು 19ರಂದು ನಿಂತರೆ ಆಗುವ ತೊಂದರೆಯನ್ನು ವಿವರಿಸಬೇಕಾಗಿಲ್ಲ.

ಟ್ಯಾಲಿಯ ಉದಾಹರಣೆ

ನಮ್ಮ ವರ್ತಕರಿಗೆ ಪರಿಚಿತವಾದ ಟ್ಯಾಲಿಪ್ರೈಮ್‌ನಲ್ಲಿ ಸಿಲ್ವರ್ ಆವೃತ್ತಿಯು ಒಬ್ಬ ಬಳಕೆದಾರನಿಗೆ ಸೀಮಿತ. ಗೋಲ್ಡ್ ಆವೃತ್ತಿಯಲ್ಲಿ ಒಂದು ಸ್ಥಳದ ಜಾಲದೊಳಗೆ ಬಳಕೆದಾರರ ಸಂಖ್ಯೆಗೆ ಮಿತಿಯಿಲ್ಲ. ಜಾಲದ ಒಂದು ಯಂತ್ರದಲ್ಲಿ ಪರವಾನಗಿಯನ್ನು ಸಕ್ರಿಯಗೊಳಿಸಿ, ಉಳಿದ ಯಂತ್ರಗಳಲ್ಲಿ ಆ ಯಂತ್ರದ ಹೆಸರು ಅಥವಾ ಜಾಲ ವಿಳಾಸವನ್ನೂ ಸಾಮಾನ್ಯವಾಗಿ 9999 ಎಂಬ ಪೋರ್ಟ್ ಸಂಖ್ಯೆಯನ್ನೂ ನಮೂದಿಸಬೇಕು. ವಿಳಾಸ ಬದಲಾಗದಂತೆ ಸ್ಥಿರವಾಗಿಡುವುದು ಹಾಗೂ ಭದ್ರತಾ ತಂತ್ರಾಂಶವು ಈ ಸಂಪರ್ಕವನ್ನು ತಡೆಯದಂತೆ ನೋಡಿಕೊಳ್ಳುವುದು ಅವಶ್ಯಕ. ಪರವಾನಗಿ ಸಿಗದ ಯಂತ್ರವು ಶೈಕ್ಷಣಿಕ ಸ್ಥಿತಿಗೆ ಇಳಿದು, ಎಲ್ಲ ದಿನಾಂಕಗಳ ನಮೂದಿಗೂ ಅವಕಾಶ ಕೊಡುವುದಿಲ್ಲ. ಮುಖ್ಯ ಯಂತ್ರವನ್ನು ಬದಲಿಸುವ ಅಥವಾ ಅಳಿಸಿ ಸಿದ್ಧಪಡಿಸುವ ಮುನ್ನ ಪರವಾನಗಿಯನ್ನು ಮರಳಿ ಒಪ್ಪಿಸಿ, ಅನಂತರ ಹೊಸದರಲ್ಲಿ ಸಕ್ರಿಯಗೊಳಿಸಬೇಕು. ಪರವಾನಗಿಗೆ ನೀಡುವ ಇ-ಮೇಲ್ ವಿಳಾಸವು ಸಂಸ್ಥೆಯದಾಗಿರಲಿ. ಅದು ಮಾರಾಟಗಾರನದೋ ಗುಮಾಸ್ತನದೋ ಆಗಿದ್ದರೆ, ಅವರು ದೂರವಾದಾಗ ಪರವಾನಗಿಯ ಹಿಡಿತವೂ ಕೈತಪ್ಪುವ ಸಂಭವವಿದೆ.

ಲೆಕ್ಕಪರಿಶೋಧನೆಯ ದೃಷ್ಟಿ

ಜಾಲದಲ್ಲಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಹೆಸರು ಮತ್ತು ಗುಪ್ತಪದ ಇರಬೇಕು. 2023ರ ಏಪ್ರಿಲ್ 1ರಿಂದ ಕಂಪನಿಗಳು ಪ್ರತಿ ತಿದ್ದುಪಡಿಯ ಜಾಡನ್ನು ದಾಖಲಿಸುವ ಲೆಕ್ಕ ತಂತ್ರಾಂಶವನ್ನೇ ಬಳಸತಕ್ಕದ್ದು. ಐವರು ಒಂದೇ ಹೆಸರಿನಲ್ಲಿ ಪ್ರವೇಶಿಸಿದರೆ ಈ ಜಾಡಿನಿಂದ ತಿದ್ದಿದವರು ಯಾರೆಂದು ತಿಳಿಯದು. ಪಾಲುದಾರಿಕೆ ಹಾಗೂ ಏಕಮಾಲೀಕತ್ವದ ಸಂಸ್ಥೆಗಳಿಗೆ ಈ ನಿಯಮ ಅನ್ವಯಿಸದಿದ್ದರೂ ಪದ್ಧತಿ ಹಿತಕರವೇ.

ತಂತ್ರಾಂಶದ ಮೇಲೆ ಶೇ. 18 ಜಿಎಸ್‌ಟಿ ಇದೆ. ಸರಿಯಾದ ತೆರಿಗೆ ಬಿಲ್ ಇದ್ದು, ಅದರ ವಿವರ ಜಿಎಸ್‌ಟಿಆರ್-2ಬಿಯಲ್ಲಿ ಮೂಡಿಬಂದಲ್ಲಿ, ರಾಜಿ ತೆರಿಗೆ ಪದ್ಧತಿಯಲ್ಲಿರದ ನೋಂದಾಯಿತ ವರ್ತಕರು ಇತರ ಷರತ್ತುಗಳಿಗೊಳಪಟ್ಟು ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ಬಿಲ್ ಇಲ್ಲದೆ ಅಗ್ಗಕ್ಕೆ ಕೊಂಡ ನಕಲಿಗೆ ಈ ಜಮೆಯೂ ಇಲ್ಲ, ಮಾಲೀಕನ ಪರವಾಗಿ ತೋರಿಸಲು ಯಾವ ದಾಖಲೆಯೂ ಇಲ್ಲ.

ಆದ್ದರಿಂದ ಪ್ರತಿ ಸಂಸ್ಥೆಯೂ ತಂತ್ರಾಂಶದ ಹೆಸರು, ಕ್ರಮಸಂಖ್ಯೆ, ಎಣಿಕೆಯ ವಿಧಾನ, ಅನುಮತಿಸಿದ ಸಂಖ್ಯೆ, ವಾಸ್ತವ ಬಳಕೆ, ನವೀಕರಣದ ದಿನಾಂಕ ಹಾಗೂ ಬಿಲ್ ವಿವರಗಳ ಒಂದು ವಹಿಯನ್ನು ಇಡುವುದು ಸೂಕ್ತ. ವರ್ಷಕ್ಕೊಮ್ಮೆ ದಾಸ್ತಾನು ಎಣಿಸುವಾಗಲೇ ಇದನ್ನೂ ತಾಳೆ ನೋಡಿದಲ್ಲಿ, ಕೊರತೆಯು ಇತರರ ಕಣ್ಣಿಗೆ ಬೀಳುವ ಮುನ್ನ ಮಾಲೀಕರಿಗೇ ತಿಳಿಯುತ್ತದೆ.